ಕೆಂಪು ಮಸಿಯ ಕಾಗದ

ಷಿಯಾಮೆನ್
೧೪ ಅಕ್ಟೋಬರ್ ೨೦೧೮

ಮಾನ್ಯ ತಾವ್ ಮೇಷ್ಟ್ರಿಗೆ,

ನಮಸ್ಕಾರ. ನಾನು ಲೊಸಲಿನಿ. ನಿಮಗೆ ನನ್ನ ಗುರುತಿದೆ. ಆದರೂ ಕಾಗದ ಪರಿಚಯದಿಂದ ಶುರುವಾಗಬೇಕು ಎಂದು ನಮ್ಮ ಪಾಠದಲ್ಲಿದೆ. ನನಗೆ ಇಪ್ಪತ್ತೇಳು ವರ್ಷ. ನನ್ನ ಊರು ಫಿಜಿ ದ್ವೀಪಗಳಲ್ಲಿರುವ ಸವುಸವು. ನಮ್ಮಪ್ಪ ದೋಣಿ ಕಟ್ಟುತ್ತಾರೆ. ನಿಮ್ಮ ಮಗ ಲಿಯಾಂಗ್ ನಮ್ಮ ದೇಶದಲ್ಲಿ ಸೇತುವೆ ಕಟ್ಟುತ್ತಾನೆ. ನಾವಿಬ್ಬರೂ ಮದುವೆಯಾಗಬೇಕು ಎಂದುಕೊಂಡಿದ್ದೇವೆ.

ಹೋದ ವರ್ಷ ಬೇಸಿಗೆಯಲ್ಲಿ ನಿಮ್ಮ ಮನೆಗೆ ಬಂದಿದ್ದೆವು. ನೀವು ತುಂಬಾ ಮಾತಾಡಿದಿರಿ. ಲಿಯಾಂಗ್ ಸ್ವಲ್ಪವೇ ಹೇಳಿದ. ನೀವು ಹತ್ತು ಮಾತು ಹೇಳಿದಾಗ ಅವನು ‘ಅಪ್ಪನಿಗೆ ಸಂತೋಷವಾಗಿದೆ’ ಎಂದ. ನೀವು ಮೇಜು ಕುಟ್ಟಿದಿರಿ. ಆಗಲೂ ‘ಅಪ್ಪನಿಗೆ ಸಂತೋಷವಾಗಿದೆ’ ಎಂದ. ನನಗೆ ನಂಬಿಕೆ ಬರಲಿಲ್ಲ. ಊರಿಗೆ ಹೋಗಿ ಒಂದು ವರ್ಷ ಸಂಜೆ ತರಗತಿಯಲ್ಲಿ ಚೀನೀ ಭಾಷೆ ಕಲಿತೆ. ಈಗ ಇನ್ನೊಂದು ವರ್ಷ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಕಲಿಯುತ್ತೇನೆ. ನಮ್ಮಿಬ್ಬರ ನಡುವೆ ಲಿಯಾಂಗ್ ನಿಲ್ಲದೆ ನಿಮ್ಮ ಜೊತೆ ಮಾತಾಡಬೇಕು. ಅದಕ್ಕೇ ಬಂದೆ.

ಈ ಕಾಗದ ಬರೆಯಲು ಎರಡು ದಿನ ಹಿಡಿಯಿತು. ಓದಿದ್ದಕ್ಕೆ ಧನ್ಯವಾದ. ಸಮಯವಿದ್ದರೆ ಉತ್ತರ ಬರೆಯಿರಿ. ಧನ್ಯವಾದ. ಆ ದಿನದ ಊಟಕ್ಕೂ ಧನ್ಯವಾದ.

ಇಂತಿ,
ಲೊಸಲಿನಿ


ಶಾವ್‌ಶಿಂಗ್
೨೫ ಅಕ್ಟೋಬರ್ ೨೦೧೮

ಲೊಸಲಿನಿ,

ನಿನ್ನ ಕಾಗದವನ್ನು ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ. ಕೆಂಪು ಗೀಟುಗಳನ್ನು ನೋಡಿ ಹೆದರಬೇಡ. ಜೀವಮಾನವೆಲ್ಲ ಚಿಕ್ಕ ಮಕ್ಕಳ ನೋಟುಪುಸ್ತಕ ತಿದ್ದಿದ ಕೈ ಇದು. ಕೆಂಪು ಪೆನ್ನು ಸಿಕ್ಕರೆ ಮದುವೆಯ ಕರೆಯೋಲೆಯನ್ನೂ ಬಿಡುವುದಿಲ್ಲ. ಕೊನೆಯಲ್ಲಿ ‘ಪರವಾಗಿಲ್ಲ. ಇನ್ನೊಮ್ಮೆ ಬರಿ’ ಎಂದು ಷರಾ ಹಾಕಿದ್ದೇನೆ. ನನ್ನ ಶಾಲೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿಲ್ಲ, ನನ್ನ ಮಗನಿಗಂತೂ ಅದೂ ಸಿಗಲಿಲ್ಲ.

ಆ ದಿನ ಮೇಜು ಕುಟ್ಟಿ ನಾನು ಹೇಳಿದ್ದು ಇಷ್ಟು: ‘ಹುಡುಗಿ ಮೂರನೇ ಬಟ್ಟಲು ಖಾಲಿ ಮಾಡಿ ಕೂತಿದ್ದಾಳೆ, ಬಡಿಸೋ ಕತ್ತೆ, ಪಾಪ ಎಷ್ಟು ಹಸಿದಿದ್ದಾಳೋ.’ ಅದನ್ನು ಅವನು ಸಂತೋಷ ಎಂದು ಹೇಳಿದ್ದರೆ, ಅವನು ಕಟ್ಟುವ ಸೇತುವೆಗಳ ಮೇಲೆ ನೀನು ನಡೆದಾಡಬೇಡ.

ಎರಡು ಮಾತು ನೆನಪಿಡು. ಒಂದು, ಈ ಪುಟ್ಟ ಕಾಗದದಲ್ಲಿ ಎಷ್ಟು ಧನ್ಯವಾದ ಹೇಳಿದ್ದೀಯೆ ನೋಡು. ಅಂಗಡಿಯವನಿಗೆ ಧನ್ಯವಾದ ಹೇಳಬೇಕು, ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟವನಿಗೆ ಹೇಳಬೇಕು. ಮನೆಯವರಿಗೆ ಹೇಳಿದರೆ ನೀವು ಬೇರೆ, ನಾನು ಬೇರೆ ಎಂದ ಹಾಗೆ. ಎರಡು, ನನ್ನನ್ನು ಸದ್ಯಕ್ಕೆ ಮೇಷ್ಟ್ರು ಎಂದೇ ಕರೆ. ನಮ್ಮಲ್ಲಿ ಸೊಸೆ ಮಾವನನ್ನು ಅಪ್ಪ ಎಂದು ಕರೆಯುವುದಕ್ಕೆ ಒಂದು ದಿನವಿದೆ. ಆ ದಿನ ಎರಡೂ ಕೈಯಲ್ಲಿ ಚಹಾ ಬಟ್ಟಲು ಹಿಡಿದು ಕರೆಯಬೇಕು, ಮಾವ ಓಗೊಡಬೇಕು. ಓಗೊಟ್ಟ ಮೇಲೆ ಅವಳು ಮಗಳು. ಅಲ್ಲಿಯವರೆಗೆ ಬಾಯಿಗೆ ಬಂದ ಹಾಗೆ ಕರೆಯುವ ಪದವಲ್ಲ ಅದು.

ಹದಿನೈದು ದಿನಕ್ಕೊಂದು ಕಾಗದ ಬರಿ, ಕೈಯಲ್ಲೇ ಬರಿ. ಫೋನಿನಲ್ಲಿ ಅರ್ಥವಾಗದಿದ್ದರೂ ಹ್ಞೂಂ ಹ್ಞೂಂ ಎಂದು ತಪ್ಪಿಸಿಕೊಳ್ಳಬಹುದು. ಕಾಗದದಲ್ಲಿ ಹ್ಞೂಂಗುಟ್ಟಲು ಆಗುವುದಿಲ್ಲ.

ತಾವ್ ಬಿಂಗ್‌ವೆನ್


ಷಿಯಾಮೆನ್
೨೫ ನವೆಂಬರ್ ೨೦೧೮

ಪ್ರೀತಿಯ ತಾವ್ ಮೇಷ್ಟ್ರಿಗೆ,

ನೀವು ಕಳುಹಿಸಿದ ಮೂರನೆಯ ತಿದ್ದುಪಡಿಯನ್ನೂ ಗೋಡೆಗೆ ಅಂಟಿಸಿದ್ದೇನೆ. ನನ್ನ ಕೋಣೆಗೆ ಬಂದವರು ‘ಏನಿದು, ರಣರಂಗವಾ?’ ಎಂದು ಕೇಳುತ್ತಾರೆ. ನಮ್ಮ ಮೇಷ್ಟ್ರ ಕೈಬರಹ ಎನ್ನುತ್ತೇನೆ.

ಮೂರು ಬಟ್ಟಲಿನ ವಿಷಯ ನೆನೆದರೆ ಈಗಲೂ ನಗು ಬರುತ್ತದೆ. ನಮ್ಮೂರಿನಲ್ಲಿ ಬಡಿಸಿದ್ದನ್ನು ಉಳಿಸಿದರೆ ಅಡುಗೆ ಮಾಡಿದವರಿಗೆ ಅವಮಾನ. ನಿಮ್ಮೂರಿನಲ್ಲಿ ಬಟ್ಟಲು ಖಾಲಿಯಾದರೆ ಬಡಿಸುವವರಿಗೆ ಅವಮಾನ. ನಾನು ನಿಮ್ಮ ಮಾನ ಕಾಪಾಡಲು ತಿನ್ನುತ್ತಿದ್ದೆ, ನೀವು ನಿಮ್ಮ ಮಾನ ಕಾಪಾಡಲು ಬಡಿಸುತ್ತಿದ್ದಿರಿ. ರಾತ್ರಿ ನನಗೆ ಉಸಿರಾಡಲೂ ಜಾಗವಿರಲಿಲ್ಲ.

ನಮಗೆ ನಡವಳಿಕೆಯ ಪಾಠವೂ ಇದೆ. ಯಾರು ಎಲ್ಲಿ ಕೂರಬೇಕು, ಊಟದ ಕಡ್ಡಿಗಳನ್ನು ಎಲ್ಲಿಡಬೇಕು, ಏನನ್ನು ಉಡುಗೊರೆ ಕೊಡಬಾರದು, ಎಲ್ಲ ಬಾಯಿಪಾಠ ಮಾಡಿದ್ದೇನೆ. ಏನು ಕೊಟ್ಟರೂ ಮೂರು ಸಲ ಬೇಡ ಎನ್ನಬೇಕು, ನಾಲ್ಕನೆಯ ಸಲ ತೆಗೆದುಕೊಳ್ಳಬೇಕು ಎಂದು ಪುಸ್ತಕದಲ್ಲಿತ್ತು. ಹೋದ ಭಾನುವಾರ ನಮ್ಮ ಉಪಾಧ್ಯಾಯಿನಿಯ ಮನೆಗೆ ಹೋದಾಗ ಚಕ್ಕೋತ ಹಣ್ಣು ತೋರಿಸಿ ತಿನ್ನುತ್ತೀಯಾ ಎಂದರು. ಬೇಡ ಎಂದೆ. ‘ಸರಿ ಬಿಡು’ ಎಂದು ಒಳಗಿಟ್ಟುಬಿಟ್ಟರು. ಇನ್ನೆರಡು ಬೇಡ ನನ್ನ ಬಾಯಲ್ಲೇ ಉಳಿದವು. ಹಸಿದುಕೊಂಡು ಬಂದೆ.

ಇನ್ನೊಂದು ವಿಷಯವಿದೆ. ನಮ್ಮ ಕಡೆ ಹೆಣ್ಣು ಕೇಳುವುದಕ್ಕೆ ಹುಡುಗನ ಮನೆಯ ಹಿರಿಯರೇ ಬರಬೇಕು. ಲಿಯಾಂಗ್ ಮನೆಯಲ್ಲಿ ಹಿರಿಯರೆಂದರೆ ನೀವೊಬ್ಬರೇ. ಮುಂದಿನ ಬೇಸಿಗೆಯಲ್ಲಿ ನೀವು ಸವುಸವುಗೆ ಬರಲು ಆಗುತ್ತದೆಯೇ?

ನಿಮ್ಮ,
ಲೊಸಲಿನಿ


ಶಾವ್‌ಶಿಂಗ್
೬ ಡಿಸೆಂಬರ್ ೨೦೧೮

ಲೊಸಲಿನಿ,

ಕಾಗದ ಓದಿ ಜೋರಾಗಿ ನಕ್ಕೆ. ಪಕ್ಕದ ಮನೆಯ ಷೆನ್ ಚಿಕ್ಕಮ್ಮ ಗೋಡೆಯಾಚೆಯಿಂದ ‘ಮೇಷ್ಟ್ರಿಗೆ ತಲೆ ಕೆಟ್ಟಿತೇ’ ಎಂದು ವಿಚಾರಿಸಿದಳು.

ನಿನ್ನ ಪುಸ್ತಕದ್ದು ನನ್ನ ಅಜ್ಜಿಯ ಕಾಲದ ಶಾಸ್ತ್ರ. ಎಣಿಸಬೇಡ, ನೋಡು. ಹಣ್ಣು ಇಡಿಯಾಗಿ ಬುಟ್ಟಿಯಲ್ಲಿದ್ದರೆ ಅವರು ಬಾಯಿಮಾತಿಗೆ ಕೇಳುತ್ತಿದ್ದಾರೆ, ಬೇಡ ಎನ್ನು. ಹೆಚ್ಚಿ ತಟ್ಟೆಗೆ ಹಾಕಿಯಾಗಿದ್ದರೆ ನಿನಗೆಂದೇ ಹೆಚ್ಚಿದ್ದು, ಸುಮ್ಮನೆ ತಿನ್ನು. ನಮ್ಮ ಜನರ ಬಾಯಿ ಒಂದು ಹೇಳುತ್ತದೆ, ಕೈ ಇನ್ನೊಂದು ಮಾಡುತ್ತದೆ. ಯಾವಾಗಲೂ ಕೈಯನ್ನು ನಂಬು.

ಇಲ್ಲಿ ಚಳಿ ಶುರುವಾಗಿದೆ. ಕಾಲುವೆಯ ಮೇಲೆ ಬೆಳಿಗ್ಗೆ ಹೊಗೆಯಾಡುತ್ತದೆ. ಸಾಸಿವೆ ಸೊಪ್ಪನ್ನು ಒಣಗಿಸಿ ಡಬ್ಬಿಗೆ ತುಂಬಿದ್ದೇನೆ, ನಿನಗೂ ಒಂದು ಪೊಟ್ಟಣ ಕಳುಹಿಸುತ್ತೇನೆ. ಹಂದಿಮಾಂಸದ ಜೊತೆ ಬೇಯಿಸು. ಧನ್ಯವಾದ ಬರೆದರೆ ತಿದ್ದುತ್ತೇನೆ.

ಎಲ್ಲರೂ ನಿನಗೊಂದು ಚೀನೀ ಹೆಸರು ಇಟ್ಟಿದ್ದಾರೆ, ಸುಲಭವಾಗುತ್ತದಂತೆ ಎಂದು ನೀನು ಹಿಂದೆ ಬರೆದಿದ್ದೆ. ನಾನು ಆ ಹೆಸರಿನಿಂದ ಕರೆಯುವುದಿಲ್ಲ. ಕನ್ನಡಿಯ ಮುಂದೆ ನಿಂತು ನಿನ್ನ ಹೆಸರನ್ನೇ ಹೇಳಿ ಅಭ್ಯಾಸ ಮಾಡಿದ್ದೇನೆ. ನೀನು ನಮ್ಮ ಇಡೀ ಭಾಷೆ ಕಲಿಯುವಾಗ ನಾನು ಒಂದು ಹೆಸರು ಕಲಿಯಲಾರೆನೇ?

ತಾವ್ ಬಿಂಗ್‌ವೆನ್


ಷಿಯಾಮೆನ್
೨೩ ಡಿಸೆಂಬರ್ ೨೦೧೮

ಪ್ರೀತಿಯ ತಾವ್ ಮೇಷ್ಟ್ರಿಗೆ,

ಸೊಪ್ಪು ತಲುಪಿತು. ಮಾಂಸದ ಜೊತೆ ಬೇಯಿಸಿದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ನನ್ನ ಬಟ್ಟಲಿನ ಸುತ್ತ ಜಾತ್ರೆ ಸೇರಿತು. ಏನು ಹೇಳಬಾರದೋ ಅದನ್ನು ಹೇಳುತ್ತಿಲ್ಲ.

ನಾನು ಕೇಳಿದ ಪ್ರಶ್ನೆಗೆ ನೀವು ಉತ್ತರ ಬರೆಯಲಿಲ್ಲ. ಮರೆತಿರಬಹುದು. ನಮ್ಮಪ್ಪ ಅಪಿಸಾಯಿ ನಿನ್ನೆ ಫೋನಿನಲ್ಲಿ ಮತ್ತೆ ಕೇಳಿದರು, ಅದಕ್ಕೇ ನಾನೂ ಮತ್ತೆ ಕೇಳುತ್ತಿದ್ದೇನೆ.

ನಮ್ಮಲ್ಲಿ ಹುಡುಗನ ಕಡೆಯ ಹಿರಿಯರು ತಿಮಿಂಗಿಲದ ಹಲ್ಲೊಂದನ್ನು ಎರಡು ಕೈಯಲ್ಲಿ ಹಿಡಿದು ಹುಡುಗಿಯ ಅಪ್ಪನ ಮುಂದೆ ಕೂತು ನಾಲ್ಕು ಮಾತಾಡಿ ಹೆಣ್ಣು ಕೇಳುತ್ತಾರೆ. ಹಲ್ಲನ್ನು ಲಿಯಾಂಗ್ ಆಗಲೇ ಹೊಂದಿಸಿದ್ದಾನೆ. ಹಿಡಿಯುವ ಕೈ ಮಾತ್ರ ಬೇಕು. ಯಾರೂ ಬಂದು ಕೇಳದಿದ್ದರೆ ನಮ್ಮಪ್ಪ ಮದುವೆಯನ್ನು ತಡೆಯುವುದಿಲ್ಲ, ಆದರೆ ಮದುವೆಗೆ ಬರುವುದೂ ಇಲ್ಲ. ಹೇಳದೆ ಕೇಳದೆ ಹೋದ ಮಗಳು ಎಂದು ಊರಿನಲ್ಲಿ ಹೆಸರಾಗುತ್ತದೆ. ನಮ್ಮಪ್ಪ ಇಗರ್ಜಿಯಲ್ಲಿ ಮುಂದೆ ನಿಂತು ಹಾಡುವವರು, ಅವರು ಹಿಂದಿನ ಸಾಲಿಗೆ ಹೋಗಿ ಕೂರುವುದನ್ನು ನಾನು ನೋಡಲಾರೆ.

ನಿಮ್ಮ ಉತ್ತರಕ್ಕೆ ಕಾದಿದ್ದೇನೆ.

ಲೊಸಲಿನಿ


ಶಾವ್‌ಶಿಂಗ್
೧೨ ಜನವರಿ ೨೦೧೯

ಲೊಸಲಿನಿ,

ನಿಮ್ಮ ತಂದೆಯವರು ಕೇಳುವುದು ನ್ಯಾಯವಾಗಿದೆ. ಆದರೆ ನಾನು ಬರುವುದಿಲ್ಲ.

ವಯಸ್ಸಾಯಿತು, ಮಂಡಿ ನೋವು, ವಿಮಾನ ಹತ್ತಿ ಗೊತ್ತಿಲ್ಲ ಎಂದೆಲ್ಲ ಬರೆಯಬಹುದಿತ್ತು. ನಿನಗೆ ಸುಳ್ಳು ಬರೆಯಲು ಮನಸ್ಸಿಲ್ಲ. ನಾನು ಮಾತಿನಿಂದಲೇ ಬದುಕಿದವನು. ಕ್ಲಾಸಿನಲ್ಲಿ, ಬೀದಿಯಲ್ಲಿ, ಮೀನು ಮಾರುಕಟ್ಟೆಯಲ್ಲಿ ನನ್ನ ಮಾತಿಗೆ ಒಂದು ಬೆಲೆಯಿದೆ. ಅಲ್ಲಿ ಅಷ್ಟು ಜನ ಹಿರಿಯರ ಮಧ್ಯೆ ಮೂಗನ ಹಾಗೆ ಕೂತು, ನನ್ನ ಮಗ ‘ಅಪ್ಪನಿಗೆ ಸಂತೋಷವಾಗಿದೆ’ ಎನ್ನುವುದನ್ನು ಕೇಳಿಸಿಕೊಳ್ಳುವುದು ನನ್ನಿಂದಾಗದು. ಬೇರೆ ಯಾರನ್ನಾದರೂ ಹಿರಿಯರೆಂದು ಕರೆದುಕೊಂಡು ಹೋಗಿ. ಮತ್ತೆ ಈ ವಿಷಯ ಬರೆಯಬೇಡ.

ಈ ಸಲದ ತಿದ್ದುಪಡಿ ಕಡಿಮೆ. ನಿನ್ನ ಬರವಣಿಗೆ ಸುಧಾರಿಸಿದೆ.

ತಾವ್ ಬಿಂಗ್‌ವೆನ್


ಷಿಯಾಮೆನ್
೧ ಫೆಬ್ರವರಿ ೨೦೧೯

ಅಪ್ಪನಿಗೆ,

ಹೀಗೆ ಕರೆಯಲು ಇನ್ನೂ ಹೊತ್ತು ಬಂದಿಲ್ಲ ಎಂದು ಗೊತ್ತು. ಇದೊಂದೇ ಸಲ ಕರೆಯುತ್ತೇನೆ, ಕ್ಷಮಿಸಿ.

ನಿಮ್ಮ ಮಾತು ಅರ್ಥವಾಯಿತು. ಇನ್ನು ಮುಂದೆ ಆ ವಿಷಯದಲ್ಲಿ ನಿಮಗೆ ತೊಂದರೆ ಕೊಡುವುದಿಲ್ಲ. ನಮ್ಮಪ್ಪನಿಗೆ ನಾನೇ ಹೇಳಿಕೊಳ್ಳುತ್ತೇನೆ. ನೀವು ಕಲಿಸಿದ್ದನ್ನು ಎಂದೂ ಮರೆಯುವುದಿಲ್ಲ. ಚಳಿಯಲ್ಲಿ ಬೆಚ್ಚಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಮುಂದಿನ ವಾರ ಬರುವ ನಿಮ್ಮ ಚೀನೀ ಹೊಸ ವರ್ಷದಲ್ಲಿ ನಿಮಗೆ ಎಲ್ಲವೂ ಒಳ್ಳೆಯದಾಗಲಿ.

ಲೊಸಲಿನಿ


ಶಾವ್‌ಶಿಂಗ್
೧೫ ಫೆಬ್ರವರಿ ೨೦೧೯

ಏನಮ್ಮಾ ಹುಡುಗಿ,

ನಾನು ಷೆನ್ ಚಿಕ್ಕಮ್ಮ, ಮೇಷ್ಟ್ರ ಪಕ್ಕದ ಮನೆಯವಳು. ನೀನು ಬಂದಿದ್ದಾಗ ಗೋಡೆ ಮೇಲಿಂದ ಇಣುಕಿ ನೋಡ್ತಿದ್ದೆನಲ್ಲ, ಅವಳೇ. ನಾನು ಮಾತಾಡೋ ಹಾಗೇ ಬರೀತೀನಿ, ಅಕ್ಷರ ಕೋಳಿ ಕೆದರಿದ ಹಾಗಿದ್ರೆ ಬೈಕೋಬೇಡ. ನಿನ್ನ ವಿಳಾಸ ನಿನ್ನದೇ ಲಕೋಟೆ ನೋಡಿ ಬರಕೊಂಡೆ.

ನೀನು ಎರಡು ಸಲ ಫೋನ್ ಮಾಡಿದ್ಯಂತೆ. ಎತ್ತಲ್ಲ ಆ ಮುದುಕ. ಹಬ್ಬದ ದಿನ ನಮ್ಮನೆಗೆ ಊಟಕ್ಕೆ ಕರೆದೆ, ಬರಲಿಲ್ಲ. ಯಾಕೆ ಅಂತ ಜಗಳ ಮಾಡಿದ ಮೇಲೆ ನಿನ್ನ ಕಾಗದ ತೋರಿಸಿದ್ರು. ನೋಡಿ ನನ್ನ ಎದೇನೂ ಧಸಕ್ಕಂತು. ಮೇಲಿಂದ ಕೆಳಗಿನ ತನಕ ಕೆಂಪು ಮಸಿ.

ಯಾರಮ್ಮ ನಿನಗೆ ಹೀಗೆ ಬರಿ ಅಂತ ಹೇಳಿಕೊಟ್ಟೋರು? ನಮ್ಮಲ್ಲಿ ಯಾರಿಗಾದ್ರೂ ಕೆಂಪು ಮಸೀಲಿ ಕಾಗದ ಬರೆದ್ರೆ, ಇವತ್ತಿಗೆ ನಿನಗೂ ನನಗೂ ಮುಗೀತು, ಇನ್ನು ನಿನ್ನ ಮುಖ ನೋಡಲ್ಲ ಅಂತ ಅರ್ಥ. ಮೇಷ್ಟ್ರ ಸ್ವಂತ ಅಣ್ಣ ಮನೆ ಪಾಲಿನ ಜಗಳದಲ್ಲಿ ಇಂಥದೇ ಒಂದು ಕಾಗದ ಬರೆದು, ಮತ್ತೆ ಒಂದು ಮಾತಾಡದೆ ಸತ್ತುಹೋದ. ಇದು ಅವರಿಗೆ ಎರಡನೇದು.

ಹುಡುಗಿ ತಿಳೀದೆ ಬರೆದಿರಬೇಕು ಅಂದೆ. ಅದಕ್ಕೆ ಅವರು, ‘ನನ್ನ ಶಿಷ್ಯೆಗೆ ತಿಳೀದೆ ಇರೋದುಂಟಾ? ಊಟದ ಕಡ್ಡಿ ಎಲ್ಲಿಡಬೇಕು ಅಂತ ನಿನಗಿಂತ ಚೆನ್ನಾಗಿ ಬಲ್ಲಳು. ನಾನು ಬರಲ್ಲ ಅಂದೆ, ಅವಳು ಕಡಿದುಕೊಂಡಳು. ಅವಳದೇನೂ ತಪ್ಪಿಲ್ಲ’ ಅಂದ್ರು. ನೋಡಿದ್ಯಾ, ನಿನ್ನ ಮೇಲೆ ಹೆಮ್ಮೆ ಇಟ್ಟುಕೊಂಡೇ ನೊಂದುಕೊಳ್ತಾ ಕೂತಿದ್ದಾರೆ. ಮಗನಿಗೂ ಹೇಳಿಲ್ಲ.

ಬೇಕಂತಲೇ ಬರೆದಿದ್ರೆ ಈ ಕಾಗದ ಒಲೆಗೆ ಹಾಕು. ತಿಳೀದೆ ಬರೆದಿದ್ರೆ ಇನ್ನೊಂದು ಕಾಗದ ಗೀಚುತ್ತಾ ಕೂರಬೇಡ, ರೈಲು ಹತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಕೆಂಪಗಿರೋದೆಲ್ಲ ಮಂಗಳ ಅಲ್ಲ ತಾಯಿ.

ಷೆನ್ ಚಿಕ್ಕಮ್ಮ


ಶಾವ್‌ಶಿಂಗ್
೨೦ ಫೆಬ್ರವರಿ ೨೦೧೯

ಲಿಯಾಂಗ್,

ನಿನಗೆ ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ. ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯೆ, ಅದಕ್ಕೆ ಬರೆಯುತ್ತಿದ್ದೇನೆ. ಕೆಂಪು ಕಾಗದದ ಕಥೆಯನ್ನು ಅವಳೇ ನಿನಗೆ ಹೇಳಿರಬೇಕು. ಉಳಿದದ್ದನ್ನು ನಾನು ಹೇಳುತ್ತೇನೆ.

ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ತಿದ್ದೋಣವೆಂದು ಪೆನ್ನು ತೆಗೆದರೆ ಕೆಂಪಿನ ಮೇಲೆ ಕೆಂಪು ಕಾಣುವುದಿಲ್ಲ. ಕಂಡಿದ್ದರೂ ತಿದ್ದುವುದಕ್ಕೆ ಏನೂ ಇರಲಿಲ್ಲ, ಒಂದು ತಪ್ಪೂ ಇಲ್ಲದೆ ಬರೆದಿದ್ದಳು. ಅದೇ ನನ್ನ ಹೊಟ್ಟೆ ಉರಿಸಿದ್ದು. ಸರಿಯಾಗಿ ಕಲಿತು ಸರಿಯಾಗಿಯೇ ಕಡಿದುಕೊಂಡಳು ಎಂದುಕೊಂಡೆ. ಮೊದಲ ಸಾಲಿನಲ್ಲಿ ಅಪ್ಪ ಎಂದು ಕರೆದು, ಒಂದೇ ಸಲ ಎಂದು ಬೇರೆ ಬರೆದಿದ್ದಳು. ನಿಮ್ಮ ದೊಡ್ಡಪ್ಪನ ಕಾಗದ ಬಂದ ದಿನವೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ನಿನ್ನೆ ದೀಪದ ಹಬ್ಬ. ಸಂಜೆ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನಿನ್ನ ಲೊಸಲಿನಿ, ಒಂದು ಕೈಯಲ್ಲಿ ಷಿಯಾಮೆನ್‌ನ ಹೆಸರುಬೇಳೆಯ ಸಿಹಿ ಬಿಲ್ಲೆಗಳ ಡಬ್ಬಿ, ಇನ್ನೊಂದು ಕೈಯಲ್ಲಿ ಮಡಿಸಿದ ಕಾಗದ. ಬೆಳಗಿನಿಂದ ರೈಲಿನಲ್ಲಿ ಕೂತು ಬಂದಿದ್ದಾಳೆ, ಮುಖ ಬಾಡಿತ್ತು. ಏನಾದರೂ ಹೇಳಬೇಕಲ್ಲ ಎಂದು, ಮನೆಯಲ್ಲಿ ತಿನ್ನುವುದಕ್ಕೆ ಏನೂ ಮಾಡಿಲ್ಲ ಎಂದುಬಿಟ್ಟೆ.

ಅವಳು ನನ್ನ ಭುಜದ ಮೇಲಿಂದ ಒಳಗೆ ನೋಡಿದಳು.

‘ಒಲೆ ಮೇಲೆ ನೀರು ಕುದೀತಿದೆ ಮೇಷ್ಟ್ರೇ. ಪಕ್ಕದಲ್ಲಿ ಅಕ್ಕಿ ಉಂಡೆ ಮಾಡಿಟ್ಟಿದ್ದೀರಿ. ಹಣ್ಣು ಆಗಲೇ ಹೆಚ್ಚಿಯಾಗಿದೆ ಅಂತ ಲೆಕ್ಕ ತಾನೇ?’

ಹೆಚ್ಚಿದ ಹಣ್ಣನ್ನು ಬೇಡ ಎನ್ನಬಾರದು, ಬಾಯಿ ಬಿಟ್ಟು ಕೈಯನ್ನು ನಂಬಬೇಕು ಎಂದು ನಾನೇ ಅವಳಿಗೆ ಬರೆದಿದ್ದೆ. ನಾನು ಹೇಳಿಕೊಟ್ಟದ್ದನ್ನೇ ನನಗೆ ತಿರುಗಿಸಿ ಚಪ್ಪಲಿ ಕಳಚಿ ಒಳಗೆ ಬಂದಳು.

ಮಡಿಸಿದ ಕಾಗದ ಅದೇ ಹೊಸ ವರ್ಷದ ಕಾಗದ, ಕಪ್ಪು ಮಸಿಯಲ್ಲಿ ಮತ್ತೆ ಬರೆದದ್ದು. ಇದನ್ನು ಇಟ್ಟುಕೊಂಡು ಅದನ್ನು ವಾಪಸು ಕೊಡಿ ಎಂದು ಕೇಳಿದಳು. ನಿಂತೇ ಮಾತಾಡಿದಳು. ನಿಧಾನವಾಗಿ, ಒಂದೊಂದೇ ಪದ ಆರಿಸಿಕೊಂಡು. ಹಬ್ಬಕ್ಕೆಂದು ಊರೆಲ್ಲ ಕೆಂಪಾಗಿತ್ತಂತೆ, ಬಾಗಿಲು, ದೀಪ, ಲಕೋಟೆ, ಮಕ್ಕಳ ಅಂಗಿ. ಅಂಗಡಿಗೆ ಹೋಗಿ ಇದ್ದುದರಲ್ಲಿ ಒಳ್ಳೆಯ ಕೆಂಪು ಪೆನ್ನು ಕೊಂಡಳಂತೆ. ಕೋಣೆಯಲ್ಲಿ ಕೂತು ಮೂರು ಸಲ ಶುದ್ಧಪ್ರತಿ ಮಾಡಿದಳಂತೆ. ನಾನು ಅವಳಿಗೆ ಅಷ್ಟೆಲ್ಲ ಕಲಿಸಿ ಇದೊಂದನ್ನು ಕಲಿಸಲಿಲ್ಲವಲ್ಲ ಎಂದು ಗೊಣಗಿದೆ. ಆಗ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನೀನು ಅನುವಾದ ಮಾಡಲು ಹೋಗಬೇಡ.

‘ನೀವು ನನಗೆ ತಿದ್ದಿ ಬರೆಯೋದೆಲ್ಲ ಕೆಂಪಲ್ಲೇ ಅಲ್ವಾ ಮೇಷ್ಟ್ರೇ? ನನ್ನ ಗೋಡೆ ತುಂಬ ಅದೇ ಇದೆ. ನಿಮ್ಮಿಂದ ನನಗೆ ಬಂದ ಪ್ರೀತಿಯೆಲ್ಲ ಕೆಂಪು ಮಸೀಲೇ ಬಂದಿದ್ದು. ಅದಕ್ಕೆ ನಾನೂ ಕೆಂಪಲ್ಲೇ ಬರೆದೆ.’

ಲಿಯಾಂಗ್, ನಾನು ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದೇನೆ. ಯಾರೂ ನನಗೆ ಹೀಗೆ ಪಾಠ ಹೇಳಿರಲಿಲ್ಲ. ಉಂಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂದು ನೆಪ ಹೇಳಿ ಒಲೆಯ ಕಡೆ ತಿರುಗಿ, ಬಹಳ ಹೊತ್ತು ಸೌಟು ಆಡಿಸಿದೆ. ಕಣ್ಣಿಗೆ ಹಬೆ ತಾಗಿತು ಎಂದು ಅವಳಿಗೆ ಹೇಳಿದೆ. ನಿನಗೆ ನಿಜ ಹೇಳುತ್ತೇನೆ, ಅತ್ತುಬಿಟ್ಟೆ.

ಎಳ್ಳಿನ ಹೂರಣದ ಉಂಡೆಗಳನ್ನು ಇಬ್ಬರೂ ತಿಂದೆವು. ಅವಳು ತಾನೇ ಎದ್ದು ಬೀರುವಿನಿಂದ ಬಟ್ಟಲು ತಂದಳು, ತಾನೇ ಇನ್ನೆರಡು ಬಡಿಸಿಕೊಂಡಳು, ಕೊನೆಗೆ ಬಟ್ಟಲಿನಲ್ಲಿ ಒಂದೇ ಒಂದು ಉಂಡೆ ಉಳಿಸಿ ನನ್ನ ಮುಖ ನೋಡಿದಳು. ನಾನು ಬಡಿಸಲು ಹೋಗಲಿಲ್ಲ. ಧನ್ಯವಾದ ಎಂಬ ಮಾತು ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ. ನಿನ್ನ ತಾಯಿ ಹೋದ ಮೇಲೆ ಈ ಅಡುಗೆಮನೆಯಲ್ಲಿ ನನ್ನನ್ನು ಕೇಳದೆ ಬೀರು ತೆಗೆದವರು ಯಾರೂ ಇರಲಿಲ್ಲ.

ಊಟವಾದ ಮೇಲೆ ಚಹಾ ಮಾಡಿ ಎರಡು ಕೈಯಲ್ಲಿ ಹಿಡಿದು ನನ್ನ ಮುಂದೆ ಬಂದು ನಿಂತಳು. ಇದು ಮದುವೆಯ ದಿನ ಮಾಡಬೇಕಾದ್ದು, ಮದುಮಗನೂ ಪಕ್ಕದಲ್ಲಿ ಇರಬೇಕು ಎಂದೆಲ್ಲ ನನಗೆ ಗೊತ್ತು. ಅವಳಿಗೂ ಗೊತ್ತು.

‘ಅಪ್ಪ,’ ಎಂದಳು.

ನಾನು ಓಗೊಟ್ಟೆ. ಗೋಡೆಯಾಚೆ ಷೆನ್ ಚಿಕ್ಕಮ್ಮ ಜೋರಾಗಿ ಮೂಗು ಸೀಟಿದ್ದು ಕೇಳಿಸಿತು. ಚಹಾ ಸ್ವಲ್ಪ ಕಹಿಯಾಗಿತ್ತು, ಎಲೆ ಹೆಚ್ಚಾಗಿ ಹಾಕಿದ್ದಳು. ಪೂರ್ತಿ ಕುಡಿದೆ.

ಹಾಗೆ ಕರೆದವಳಿಗೆ ಕೆಂಪು ಲಕೋಟೆ ಕೊಡುವುದು ಪದ್ಧತಿ. ಮನೆಯಲ್ಲಿದ್ದ ಲಕೋಟೆಯಲ್ಲಿ ಪದ್ಧತಿಯ ಹಣ ಹಾಕಿ, ಜೊತೆಗೆ ನನ್ನ ಕೆಂಪು ಪೆನ್ನನ್ನೂ ಇಟ್ಟುಕೊಟ್ಟೆ. ಇದರಿಂದ ಯಾರಿಗೂ ಕಾಗದ ಬರೆಯಬೇಡ ಎಂದೆ. ಮತ್ತೆ ಏನು ಮಾಡಲಿ ಎಂದು ಕೇಳಿದಳು. ಹೊತ್ತು ಬಂದಾಗ ಹೇಳುತ್ತೇನೆ ಎಂದೆ.

ಫಿಜಿಗೆ ಬನ್ನಿ ಎಂದು ಅವಳು ಕೇಳಲಿಲ್ಲ. ನಾನೂ ಆ ಮಾತು ತೆಗೆಯಲಿಲ್ಲ. ಇವತ್ತು ಬೆಳಿಗ್ಗೆ ಅವಳನ್ನು ರೈಲು ಹತ್ತಿಸಿ ಬಂದೆ. ಮನೆ ಯಾಕೋ ದೊಡ್ಡದಾಗಿ ಕಾಣುತ್ತಿದೆ. ನಿನ್ನಿಂದ ನನಗೊಂದು ಕೆಲಸವಾಗಬೇಕು, ಅದನ್ನು ಫೋನಿನಲ್ಲಿ ಹೇಳುತ್ತೇನೆ. ಅವಳಿಗೆ ಬಾಯಿ ಬಿಡಬೇಡ.

ನಿನ್ನ ಅಪ್ಪ


ಷಿಯಾಮೆನ್
೧೭ ಮಾರ್ಚ್ ೨೦೧೯

ಅಪ್ಪನಿಗೆ,

ಕಪ್ಪು ಮಸಿ, ನೋಡಿಕೊಳ್ಳಿ.

ತರಗತಿ ಶುರುವಾಗಿದೆ. ನಡವಳಿಕೆಯ ಪಾಠದಲ್ಲಿ ನಮ್ಮ ಉಪಾಧ್ಯಾಯಿನಿ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ನಾನು ಎದ್ದು ನಿಂತು ಕೆಂಪು ಕಾಗದದ ಕಥೆ ಹೇಳಿದೆ. ಆಮೇಲೆ ಕಜಕಿಸ್ತಾನದ ಹುಡುಗನೊಬ್ಬ ಮೆಲ್ಲನೆ ಎದ್ದು, ತಾನು ಮನೆ ಯಜಮಾನಿಗೆ ಹೊಸ ವರ್ಷಕ್ಕೆ ಕೆಂಪಿನಲ್ಲೇ ಬರೆದು ಕೊಟ್ಟಿದ್ದೇನೆ, ಅವತ್ತಿನಿಂದ ಅವರು ಮಾತಾಡುತ್ತಿಲ್ಲ, ಬಾಡಿಗೆಗೆ ಸಿಟ್ಟಾಗಿದ್ದಾರೆ ಎಂದುಕೊಂಡಿದ್ದೆ ಎಂದ. ಅವನನ್ನು ಅವತ್ತು ಸಂಜೆಯೇ ಬಿಲ್ಲೆಗಳ ಡಬ್ಬಿ ಕೊಟ್ಟು ಕಳುಹಿಸಿದೆವು.

ಷೆನ್ ಚಿಕ್ಕಮ್ಮನಿಗೆ ಒಂದು ಶಾಲು ಕಳುಹಿಸಿದ್ದೇನೆ. ಮೂರು ಸಲ ಬೇಡ ಎನ್ನುತ್ತಾರೆ, ನೀವು ನಾಲ್ಕನೆಯ ಸಲ ಕೊಡಿ.

ನಮ್ಮಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ಹೇಳುತ್ತೇನೆ. ನೀವು ಆ ಯೋಚನೆ ಇಟ್ಟುಕೊಳ್ಳಬೇಡಿ.

ಮಗಳು,
ಲೊಸಲಿನಿ


ಶಾವ್‌ಶಿಂಗ್
೨ ಮೇ ೨೦೧೯

ಲೊಸಲಿನಿ,

ಇದರ ಜೊತೆ ಒಂದು ಹಾಳೆ ಇದೆ. ನೋಡಿ ನಗಬೇಡ. ಎರಡು ತಿಂಗಳಿಂದ ದಿನಾ ಸಂಜೆ ನಿನ್ನ ಗಂಡನಾಗುವವನ ಹತ್ತಿರ ಫೋನಿನಲ್ಲಿ ನಿಮ್ಮ ಭಾಷೆ ಕಲಿಯುತ್ತಿದ್ದೇನೆ. ನಾನೇ ಅಕ್ಷರ ತಿದ್ದಿಸಿದ ಮಗ ಈಗ ನನಗೆ ‘ಹಾಗಲ್ಲಪ್ಪಾ, ಇನ್ನೊಂದು ಸಲ ಹೇಳಿ’ ಎನ್ನುತ್ತಾನೆ. ಅವನಿಗೆ ಎಷ್ಟು ಸಂತೋಷವಾಗಿದೆ ಎಂದು ನನಗೆ ಇಲ್ಲಿಗೇ ಕೇಳಿಸುತ್ತದೆ. ಷೆನ್ ಚಿಕ್ಕಮ್ಮ ಗೋಡೆಯಾಚೆ ನಿಂತು ನನಗಿಂತ ಮೊದಲೇ ಬಾಯಿಪಾಠ ಮಾಡಿದ್ದಾಳೆ. ನಿನ್ನೆ ಮೀನಿನವನಿಗೆ ‘ನೀ ಸಾ ಬುಲಾ’ ಎಂದು ನಿಮ್ಮೂರ ನಮಸ್ಕಾರ ಹೇಳಿದಳು, ಅವನು ಹೆದರಿ ಬೆಲೆ ಇಳಿಸಿದ.

ಹಾಳೆಯಲ್ಲಿರುವುದು ನಾನು ನಿಮ್ಮ ತಂದೆಯವರ ಮುಂದೆ ಕೂತು ಹೇಳಬೇಕಾದ ಮಾತು. ಏನು ಹೇಳಬೇಕೆಂದುಕೊಂಡಿದ್ದೇನೆ ಎಂಬುದನ್ನು ನಮ್ಮ ಭಾಷೆಯಲ್ಲೂ ಬರೆಯುತ್ತೇನೆ, ಹಾಳೆಯಲ್ಲಿ ಬೇರೇನಾದರೂ ಬಂದಿದ್ದರೆ ನಿನಗೆ ತಿಳಿಯಲಿ: ‘ಸವುಸವು ಊರಿನ ಹಿರಿಯರೇ, ನಾನು ತಾವ್ ಬಿಂಗ್‌ವೆನ್. ಸಮುದ್ರ ದಾಟಿ ಬಂದಿದ್ದೇನೆ. ನಿಮ್ಮ ಮಗಳು ನನ್ನ ಜೊತೆ ಮಾತಾಡುವುದಕ್ಕೆಂದು ನನ್ನ ಭಾಷೆ ಕಲಿತಳು. ಅಂಥ ಮಗಳನ್ನು ಬೆಳೆಸಿದವರ ಜೊತೆ ಮಾತಾಡುವುದಕ್ಕೆಂದು ನಾನು ನಿಮ್ಮ ಭಾಷೆಯಲ್ಲಿ ಇಷ್ಟು ಕಲಿತೆ. ನನ್ನ ಮಗನಿಗೆ ಅವಳನ್ನು ಕೊಡಿ.’

ಇದಕ್ಕಿಂತ ಹೆಚ್ಚು ನನಗೆ ಬರುವುದಿಲ್ಲ. ಅವರು ತಿರುಗಿ ಏನಾದರೂ ಕೇಳಿದರೆ ಮೂಗನ ಹಾಗೇ ಕೂರುತ್ತೇನೆ. ನೀನು ಆ ದಿನ ನನ್ನ ಮನೆಯಲ್ಲಿ ಮೂರು ಬಟ್ಟಲು ಅನ್ನ ತಿಂದು ಕೂರಲಿಲ್ಲವೇ? ಹಾಗೆ.

ಬರುತ್ತೇನೆ ಎಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಪಾಸ್‌ಪೋರ್ಟ್ ಮಾಡಿಸಿದ್ದೇನೆ. ಹಣ್ಣು ಹೆಚ್ಚಿಟ್ಟಾಗಿದೆ, ಉಳಿದದ್ದನ್ನು ನೀನೇ ತಿಳಿದುಕೊ.

ಆ ಪೆನ್ನಿನಿಂದ ಏನು ಮಾಡಲಿ ಎಂದು ಕೇಳಿದ್ದೆಯಲ್ಲ. ಕೆಂಪು ಮಸಿ ಬರೆಯುವುದಕ್ಕಲ್ಲ, ತಿದ್ದುವುದಕ್ಕೆ. ತೆಗೆ ಅದನ್ನು ಈಗ. ದಾಕ್ಷಿಣ್ಯ ಮಾಡಬೇಡ.

ನಿನ್ನ ಅಪ್ಪ,
ತಾವ್ ಬಿಂಗ್‌ವೆನ್


ಷಿಯಾಮೆನ್
೧೨ ಮೇ ೨೦೧೯

ಅಪ್ಪನಿಗೆ,

ಹಾಳೆಯನ್ನು ತಿದ್ದಿ ವಾಪಸು ಕಳುಹಿಸಿದ್ದೇನೆ, ನೀವು ಕೊಟ್ಟ ಪೆನ್ನಿನಲ್ಲೇ. ತಿದ್ದುವಾಗ ಎರಡು ಸಲ ಏಳಬೇಕಾಯಿತು. ಇಲ್ಲಿ ಹಬೆ ಇಲ್ಲ, ನೆಪ ಹೇಳುವುದಿಲ್ಲ, ಅಳುತ್ತಿದ್ದೆ.

ಮಗನಿಗೆ ಎಂದು ಬರೆಯುವ ಕಡೆ ದೋಣಿಗೆ ಎಂದು ಬರೆದಿದ್ದೀರಿ. ನಮ್ಮಪ್ಪನಿಗೆ ದೋಣಿಯೆಂದರೂ ಪ್ರಾಣವೇ, ಆದರೂ ಸರಿಮಾಡಿದ್ದೇನೆ. ಇದನ್ನು ಹೇಳಿಕೊಟ್ಟವನು ಯಾರೆಂದು ನನಗೆ ಗೊತ್ತು, ಅವನ ಹತ್ತಿರ ಬೇರೆಯಾಗಿ ಮಾತಾಡುತ್ತೇನೆ.

ದೊಡ್ಡ ತಪ್ಪು ಒಂದೇ. ಇಡೀ ಹಾಳೆಯಲ್ಲಿ ನೀವು ಒಂದು ಸಲವೂ ಧನ್ಯವಾದ ಹೇಳಿಲ್ಲ. ನಮ್ಮೂರಿನಲ್ಲಿ ಅದಿಲ್ಲದ ಮಾತು ಉಪ್ಪಿಲ್ಲದ ಅಡುಗೆ. ನಮ್ಮಮ್ಮ ನಮ್ಮಪ್ಪನಿಗೆ ಒಂದು ಲೋಟ ನೀರಿಗೂ ಧನ್ಯವಾದ ಹೇಳುತ್ತಾಳೆ. ಮೊದಲಲ್ಲಿ ಒಂದು, ನಡುವೆ ಎರಡು, ಕೊನೆಯಲ್ಲಿ ಒಂದು ಸೇರಿಸಿದ್ದೇನೆ. ನಾಚಿಕೊಳ್ಳದೆ ಹೇಳಿ.

ನಿನ್ನೆ ಫೋನಿನಲ್ಲಿ ನಮ್ಮಪ್ಪನಿಗೆ ವಿಷಯ ಹೇಳಿದೆ. ಕೇಳಿದವರೇ, ಆ ಹಿರಿಯರಿಗೆ ಅವರ ಭಾಷೆಯಲ್ಲಿ ‘ಊಟ ಆಯ್ತಾ’ ಅಂತ ಹೇಗೆ ಕೇಳಬೇಕು, ಹೇಳಿಕೊಡು ಎಂದರು.

ಹಾಳೆಯ ಕೆಳಗೆ ನನ್ನ ಷರಾ ಇದೆ. ನಿಮ್ಮ ಶಾಲೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ನೀವೇ ಹೇಳಿದ್ದೀರಿ, ಅದನ್ನೇ ಹಾಕಿದ್ದೇನೆ.

ಪರವಾಗಿಲ್ಲ. ಇನ್ನೊಮ್ಮೆ ಬರೆಯಿರಿ.

ನಿಮ್ಮ ಮಗಳು,
ಲೊಸಲಿನಿ